ಕೆಳಗಿನ ಓಣಿಯ ಪಾಳಿ

ನಳದಲ್ಲಿ ಬರೀ ಗಾಳಿ, ಸುಸ್ ಎನ್ನುತ್ತಿದೆ, ಒಂದು ಹನಿಯಿಲ್ಲ — ಏಳಕ್ಕೆ ನಮ್ಮ ಕೆಳಗಿನ ಓಣಿಯ ಪಾಳಿ, ಈಗ ಏಳೂವರೆ, ಮೇಲಿನ ಓಣಿಯ ಶಿವಪುತ್ರ ವಾಲ್ವು ತಿರುಗಿಸಿಯೇ ಇಲ್ಲ, ಮಗಳನ್ನು ನೋಡಲು ಹುಕ್ಕೇರಿಯಿಂದ ಬೀಗರು ಬಂದಿದ್ದಾರಲ್ಲ, ಬೀಗರಿಗಷ್ಟೇ ನೀರಡಿಕೆ, ನಮಗೆಲ್ಲಿಯದು. ಗೋಕಾಕದ ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಅಣ್ಣನ ಮಗ ರಾಹುಲ ಮೊನ್ನೆ ಇದೇ ಕಟ್ಟೆಯ ಮೇಲೆ ಕುಳಿತು, ಅತ್ತಿ, ಸರ್ಕಾರ ಇಲ್ದ ಮಂದಿ ಬದುಕಬಹುದು ಅನ್ನೂದಕ್ಕ ನಿಮ್ಮೂರ ಸಾಕ್ಷಿ ನೋಡ್ರಿ, ಎಂದು ಚಹಾ ಹೀರಿದ, ಹೀರಲಿಕ್ಕೇನು, ಆ ಚಹಾದ ನೀರು ಹೊತ್ತವಳು ನಾನು — ಖರೆ, ಪಂಚಾಯಿತಿಯ ಅವಧಿ ಮುಗಿದು, ವಾಟರ್‌ಮನ್ ಕೆಲಸ ಬಿಟ್ಟು ಹೋಗಿ, ತಾಲೂಕಿನ ಸಾಹೇಬರು ಫೋನು ಎತ್ತದಾದಾಗ ನಾವೇ ಬೇವಿನ ಮರದಡಿ ಕುಳಿತು ಓಣಿಗೆ ಒಂದು ತಾಸು ಎಂದು ಪಾಳಿ ಹಚ್ಚಿಕೊಂಡೆವು, ನಲವತ್ತು ದಿನ ನಡೆಯಿತು, ಜಗಳವಿಲ್ಲ, ಅರ್ಜಿಯಿಲ್ಲ, ಎಲ್ಲರೂ ನನ್ನ ಹೆಸರು ಹಿಡಿದು, ಅಲ್ಲವ್ವಾ, ನೀ ಲಕ್ಷ್ಯ ಇಡು ಎಂದರು, ಇಟ್ಟೆ, ನನಗೇನು ಬೇರೆ ಕೆಲಸವಿಲ್ಲವೇ, ರೊಟ್ಟಿಯನ್ನು ಹೆಂಚಿನ ಮೇಲೆಯೇ ಬಿಟ್ಟು ಓಡಬೇಕು, ಓಡುತ್ತಿದ್ದೇನೆ, ಈ ಏರು, ಈ ಮೊಣಕಾಲು —

ಶಿವಪುತ್ರ ಅಂಗಳದಲ್ಲಿ ಪೈಪು ಹಿಡಿದು ಬೀಗರ ಕಾರಿನ ಗಾಲಿ ತೊಳೆಯುತ್ತಿದ್ದಾನೆ, ಕಾರಿನ ಗಾಲಿ! ಬಂದ್ ಮಾಡೋ, ನಮ್ಮ ಪಾಳಿ ಐತಿ, ಎಂದೆ. ಅಲ್ಲಕ್ಕಾ, ನೀ ಯಾರ ಕೇಳಾಕ, ಎಂದ ಬೀಗರ ಮುಂದೆಯೇ, ನಿನ್ನ ಎಮ್ಮಿ ಈದ ದಿನ ತಾಸಗಟ್ಲೆ ನೀರ ಬಿಟ್ಕೊಂಡಿ, ನಾ ಬಂದು ಕೇಳಿದ್ನೇನ? ಹೌದು, ಬಿಟ್ಟುಕೊಂಡಿದ್ದೆ, ಎಮ್ಮೆ ಕಷ್ಟಪಡುತ್ತಿದೆ ಎಂದು ನನಗೆ ನಾನೇ ಪರವಾನಿಗೆ ಕೊಟ್ಟುಕೊಂಡಿದ್ದೆ, ಅಂದು ಒಬ್ಬರಾದರೂ ಬಂದು ಕೇಳಬಾರದಿತ್ತೇ — ಥೂ, ಕೇಳುವವರಿಲ್ಲದಿದ್ದರೆ ನಾನೂ ಶಿವಪುತ್ರನೇ, ಕೇಳಲಿಕ್ಕೆ ಯಾರನ್ನೋ ಇಟ್ಟರೆ ಅವನಿಗೊಂದು ಖುರ್ಚಿ ಬೇಕು, ಮತ್ತೆ ಅದೇ ಸಾಹೇಬ, ಅದೇ ಎತ್ತದ ಫೋನು, ಹೇಳಪ್ಪಾ ರಾಹುಲ, ನಿನ್ನ ಪುಸ್ತಕದಲ್ಲಿ ಇದಕ್ಕೇನು ಬರೆದಿದೆ? ನಂದೂ ತಪ್ಪ, ನಿಂದೂ ತಪ್ಪ, ಈಗ ಬಂದ್ ಮಾಡತೇನಿ, ಎಂದು ಅಂಗಳದ ಪಕ್ಕ ನೆಲದಲ್ಲಿ ತೋಡಿದ ವಾಲ್ವಿನ ಗುಂಡಿಯತ್ತ ತಿರುಗಿದೆ, ಅವನು ತಡೆಯಲಿಲ್ಲ, ಕೈಜೋಡಿಸಲೂ ಬರಲಿಲ್ಲ, ಬಗ್ಗಿದರೆ — ನಮ್ಮ ಓಣಿಯ ಮುದುಕಿ ಹನಮವ್ವ ಆಗಲೇ ಗುಂಡಿಗಿಳಿದು ಕುಳಿತಿದ್ದಾಳೆ, ಯಾರನ್ನೂ ಕೇಳದೆ, ಯಾರನ್ನೂ ಬೈಯದೆ, ಸೋರಿ ನಿಂತ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಿದ್ದಾಳೆ, ಕುಡಿಯುವ ಮುನ್ನ ಕೆಸರು ತಳಕ್ಕಿಳಿಯಲೆಂದು, ಕೈ ನಡುಗಿದಾಗಲೆಲ್ಲ ಅದು ಮೇಲೇಳುತ್ತದೆ, ಮತ್ತೆ ಹಿಡಿಯುತ್ತಾಳೆ, ಮತ್ತೆ ಕೆಸರು, ಮತ್ತೆ ಹಿಡಿಯುತ್ತಾಳೆ —