ಸುಪ್ರೀತಾ ಬರೆಯದೆ ಬಿಟ್ಟ ಬೈಗುಳ

ಕೋಟೇಶ್ವರದಲ್ಲಿ ಬಂಗುಡೆ ಮೀನು ಮಾರುವ ಜಲಜಳಿಗೆ ನಲವತ್ತರ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಿವಿ ಹೋದವು. ವ್ಯಾಪಾರಕ್ಕೇನೂ ತೊಂದರೆಯಾಗಲಿಲ್ಲ, ಗಿರಾಕಿಗಳ ಚೌಕಾಸಿ ಕೇಳಿಸದಿದ್ದುದು ಅನುಕೂಲವೇ ಆಯಿತು. ತುಟಿ ನೋಡಿ ಮಾತು ತಿಳಿಯುವುದನ್ನೂ ಕಲಿತಳು. ಆದರೆ ಸಂಜೆಯ ಧಾರಾವಾಹಿಯಲ್ಲಿ ಎಲ್ಲರೂ ಮುಖ್ಯವಾದ ಮಾತನ್ನು ಬೆನ್ನು ತಿರುಗಿಸಿಯೇ ಹೇಳುತ್ತಿದ್ದರು.

2003ರ ಒಂದು ಬೆಳಿಗ್ಗೆ ಅವಳು ಕೇಬಲ್ ಟಿವಿ ನಡೆಸುವ ಭೋಜರಾಜನ ಕಚೇರಿಗೆ ಹೋದಳು.

“ಹ್ವಾಯ್, ಟಿವಿ ಕೆಳ್ಗೆ ಜವಳಿ ಅಂಗ್ಡಿ ಹೆಸ್ರ್ ಓಡ್ಸ್ತ್ರಿ. ಅವ್ರ್ ಮಾತಾಡುದನ್ನೂ ಓಡ್ಸಿ. ನಂಗೆ ಓದುಕ್ ಬತ್ತ್.”

ಆಗುವುದಿಲ್ಲ ಎಂದು ಭೋಜರಾಜ ಮೂರು ರೀತಿಯಲ್ಲಿ ಹೇಳಿದ. ಅಷ್ಟು ಹೊತ್ತೂ ಜಲಜ ಕಣ್ಣು ಮುಚ್ಚಿಕೊಂಡಿದ್ದಳು. ಕಡೆಗೆ ಅವನು ಜಾಹೀರಾತು ಟೈಪ್ ಮಾಡುವ ಸುಪ್ರೀತಾಳಿಗೆ ಆ ಕೆಲಸ ಒಪ್ಪಿಸಿದ.

ಸುಪ್ರೀತಾ ಧಾರಾವಾಹಿ ಕೇಳುತ್ತಲೇ ಟೈಪ್ ಮಾಡಿದಳು. ಬೆರಳು ಹಿಂದೆ ಬಿದ್ದಾಗ ಸಾರಾಂಶ ಹಾಕಿದಳು: “ಅತ್ತೆ ಇನ್ನೂ ಅದನ್ನೇ ಹೇಳುತ್ತಿದ್ದಾರೆ.” ಊರಿಗೆ ಇದು ಹಿಡಿಸಿತು. ಕಿವಿ ನೆಟ್ಟಗಿದ್ದವರೂ ಟಿವಿಯ ದನಿ ಪೂರ್ತಿ ತಗ್ಗಿಸಿ ಓದತೊಡಗಿದರು. ಅವಳು ಒಂದು ದಿನ ರಜೆ ಹಾಕಿದ್ದಕ್ಕೆ ಹದಿನಾಲ್ಕು ಮನೆಯವರು ಕೇಬಲ್ ಕೆಟ್ಟಿದೆಯೆಂದು ಫೋನ್ ಮಾಡಿದರು. ದನಿ ಹಾಕಿಕೊಳ್ಳಿ ಎಂದರೆ, ಅಭ್ಯಾಸ ತಪ್ಪಿಹೋಗಿದೆ ಎಂದರು.

ಎರಡು ತಿಂಗಳಾದ ಮೇಲೆ ಜಲಜ ಮೀನಿನ ಬುಟ್ಟಿ ಸಮೇತ ಮತ್ತೆ ಬಂದಳು. ಹಿಂದಿನ ಸಂಜೆ ಧಾರಾವಾಹಿಯ ಅತ್ತೆ, ಅಪರೂಪಕ್ಕೆ ಮುಖ ತೋರಿಸಿ, ಸೊಸೆಯನ್ನು ಬೈದಿದ್ದಳು. ಅಕ್ಷರದಲ್ಲಿ ಬಂದದ್ದು, “ಬಾ ಮಗಳೇ, ಊಟ ಮಾಡು.” ತುಟಿಯಲ್ಲಿ ಇದ್ದದ್ದೇ ಬೇರೆ.

ಸುಪ್ರೀತಾ ತಲೆ ತಗ್ಗಿಸಿ ಏನೋ ಹೇಳಿದಳು. ಜಲಜ ಅವಳ ಗಲ್ಲ ಹಿಡಿದೆತ್ತಿ ಇನ್ನೊಮ್ಮೆ ಹೇಳಿಸಿದಳು. ಕಿವಿ ಕೇಳದವರಿಗೆ ಮನಸ್ಸೂ ನೋಯುವುದು ಬೇಡವೆಂದು ಮೊದಲ ದಿನದಿಂದಲೂ ಅತ್ತೆಯ ಬೈಗುಳವನ್ನೆಲ್ಲ ತಿದ್ದುತ್ತಿದ್ದಳಂತೆ.

“ಕೆಮಿ ಹೋದ್ದ್ ಹೌದ್,” ಎಂದಳು ಜಲಜ, ಕಿವಿ ಮುಟ್ಟಿ ತೋರಿಸಿ. “ಬೈಗುಳಕ್ಕೆ ಸಾಯ್ವಷ್ಟ್ ಮೆತ್ತಗಿಲ್ಲೆ ನಾನ್. ಬಂದದ್ದ್ ಬಂದಂಗೆ ಬರಿ.”

ಅಂದಿನಿಂದ ಅವಳು ಸಂಜೆ ಕಚೇರಿಯಲ್ಲೇ ಸ್ಟೂಲು ಹಾಕಿ ಕೂತಳು. ಬೆನ್ನು ತಿರುಗಿಸಿದವರ ಮಾತನ್ನು ಸುಪ್ರೀತಾ ಹಿಡಿದಳು. ಹಿನ್ನೆಲೆಯ ಗುಡುಗು, ತಬಲದ ನಡುವೆ ಮುಳುಗಿದ ಮಾತನ್ನು ಜಲಜ ತುಟಿ ನೋಡಿ ಹೇಳಿಕೊಟ್ಟಳು. ಮೊದಲ ದಿನವೇ ಬೈಗುಳ ಪೂರ್ತಿ ಓಡಿತು.

ಫೋನಿನ ಮೇಲೆ ಫೋನು. ಅಷ್ಟು ಒಳ್ಳೆಯ ಅತ್ತೆಗೆ ಒಮ್ಮೆಲೇ ಏನಾಯಿತು ಎಂದು ಎಲ್ಲರಿಗೂ ಸಂಕಟ. ಅವಳು ಮೊದಲಿನಿಂದಲೂ ಹಾಗೆಯೇ ಎಂದು ಭೋಜರಾಜ ಹೇಳಿದರೆ ಯಾರೂ ನಂಬಲಿಲ್ಲ. ಪಕ್ಕದೂರು ಬೀಜಾಡಿಯ ಒಬ್ಬರಂತೂ, ಹಳೆಯ ಅತ್ತೆಯನ್ನೇ ವಾಪಸು ಹಾಕುವವರೆಗೆ ಟಿವಿ ಹಚ್ಚುವುದಿಲ್ಲ ಎಂದು ಫೋನಿಟ್ಟರು.