ಸೀಸೆಗೆ ಹೋದ ಸಿಹಿನೀರು

ನಮ್ಮೂರಿನ ನೀರು ಕೆಟ್ಟದ್ದೆಂದು ಸರ್ಕಾರವನ್ನು ನಂಬಿಸಲು ನಾನು ಹನ್ನೊಂದು ವರ್ಷ ಒದ್ದಾಡಿದೆ. ಅದು ಒಳ್ಳೆಯದೆಂದು ನಂಬಿಸಲು ನನ್ನ ಅಕ್ಕನಿಗೆ ಒಂದು ಬೆಳಗು ಸಾಕಾಯಿತು.

ನಾನು ಊರ ಕಚೇರಿಯ ಗುಮಾಸ್ತ. ಕುಡಿಯುವ ನೀರಿನ ಯೋಜನೆಗೆ ಅರ್ಜಿ ಬರೆಯುವುದು ಮೊದಲು ನನ್ನ ಕೆಲಸವಾಗಿತ್ತು, ಆಮೇಲೆ ಚಟವಾಯಿತು, ಈಗೀಗ ಕಾಯಿಲೆ. ನಮ್ಮ ಕೊಳವೆಬಾವಿಯ ನೀರಿನಲ್ಲಿ ಸಾಬೂನು ನೊರೆಯಾಗುವುದಿಲ್ಲ, ಕಾಳು ಬೇಯುವುದಿಲ್ಲ. ಪಾತ್ರೆಯಲ್ಲಿ ಹಾಗೇ ಬಿಟ್ಟರೆ ಮೇಲೆ ಕಂದು ಪೊರೆ ಕಟ್ಟುತ್ತದೆ. ಸಿಹಿನೀರು ಬೇಕೆಂದರೆ ಗುಡ್ಡ ಹತ್ತಿಳಿದು ಆಚೆಯ ಒರತೆಯಿಂದ ಹೊತ್ತು ತರಬೇಕು. ಅಷ್ಟು ಕಷ್ಟ ಯಾರು ಪಡುತ್ತಾರೆ? ನೆಂಟರು ಬಂದಾಗ ಮಾತ್ರ ತರುತ್ತಾರೆ.

ನನಗೆ ಹೆಂಡತಿ ಮಕ್ಕಳಿಲ್ಲ, ಅಕ್ಕನ ಮನೆಯಲ್ಲೇ ಊಟ, ವಾಸ. ಕೊಳವೆಬಾವಿಯ ನೀರು ಕುಡಿದು ಕುಡಿದು ಅವಳ ಮೂತ್ರಪಿಂಡದಲ್ಲಿ ಎರಡು ಸಲ ಕಲ್ಲಾಗಿತ್ತು. ಮಂಡಿ ಬೇರೆ ಸವೆದಿತ್ತು. ಆ ನೀರು ಕುಡಿಯಬೇಡಿ ಎಂದರು ಡಾಕ್ಟರು. ಭಾರ ಹೊರಬೇಡಿ ಎಂದೂ ಅಂದರು. ಎರಡನ್ನೂ ಒಟ್ಟಿಗೆ ಪಾಲಿಸುವುದು ಹೇಗೆಂದು ಮಾತ್ರ ಚೀಟಿಯಲ್ಲಿ ಬರೆಯಲಿಲ್ಲ.

ಕೊನೆಗೂ ಇಂಜಿನಿಯರು ತಪಾಸಣೆಗೆ ಬಂದರು. ಅಳತೆಯ ಟೇಪನ್ನು ಕೈಯಿಂದ ಕೆಳಗಿಡದ ಮನುಷ್ಯ, ಊರಲ್ಲಿ ಅವರ ಹೆಸರೇ ಟೇಪು ಸಾಹೇಬರು. ಪರೀಕ್ಷೆಯ ನೀರನ್ನು ಬಾವಿಯಿಂದ ಹಿಡಿಯುವಂತಿಲ್ಲವಂತೆ. ಜನ ನಿಜವಾಗಿ ಕುಡಿಯುವ ನೀರು ಬೇಕು, ಅಂದರೆ ಮನೆಯ ಕೊಡದ ನೀರು. ಸರಿ, ನಮ್ಮ ಮನೆಗೇ ಕರೆದೊಯ್ದೆ. ಅವರು ಅಡುಗೆಮನೆಯ ಕೊಡದಿಂದ ಸೀಸೆ ತುಂಬಿಸಿ, ಮುಚ್ಚಳಕ್ಕೆ ಅರಗು ಹಾಕಿ, ನನ್ನ ರುಜು ತೆಗೆದುಕೊಂಡು ಹೊರಟರು. ಗೆದ್ದೆವು ಎಂದುಕೊಂಡೆ.

"ಪಾಪ, ಒಳ್ಳೆ ಮನುಷ್ಯ," ಎಂದಳು ಅಕ್ಕ. "ದೂರದಿಂದ ಬರ್ತಾರೆ ಅಂದಿದ್ಯಲ್ಲ, ಅದಕ್ಕೇ ಬೆಳಿಗ್ಗೆನೇ ಹೋಗಿ ಒರತೆಯಿಂದ ಒಂದು ಕೊಡ ತಂದಿಟ್ಟೆ."

"ಯಾವ ಕೊಡ?"

"ಅದೇ, ಈಗ ಸೀಸೆಗೆ ತುಂಬಿಸ್ಕೊಂಡ್ರಲ್ಲ."

ಬಾಗಿಲಿಗೆ ಓಡಿದೆ, ಜೀಪು ಆಗಲೇ ಹೋಗಿತ್ತು. "ಅಲ್ಲಕ್ಕ, ಅದು ಪರೀಕ್ಷೆಗೆ."

"ಪರೀಕ್ಷೆ ಅಂದ್ಮೇಲೆ ಇನ್ನೂ ಒಳ್ಳೇದೇ ಕೊಡ್ಬೇಕಲ್ವೇನೋ. ಫೇಲಾದ್ರೆ ಮರ್ಯಾದೆ ಹೋಗೋದು ಯಾರದ್ದು?"

ವರದಿ ಬಂತು. ನೀರು ಶುದ್ಧ, ರುಚಿಕರ, ಯೋಜನೆ ಅನಗತ್ಯ. ನಾನು ದೊಡ್ಡ ಕಚೇರಿಗೆ ಓಡಿದೆ. ಮಂಜೂರಾತಿ ನೋಡುವ ಮೇಡಂ ಕಡತಗಳ ಗುಡ್ಡೆಯ ಹಿಂದೆ ಅರ್ಧ ಮಾತ್ರ ಕಾಣುತ್ತಿದ್ದರು.

"ಅದು ನಮ್ಮ ನೀರಲ್ಲ ಮೇಡಂ, ಒರತೆ ನೀರು."

"ಒರತೆ ಎಷ್ಟು ದೂರ?"

ಆಗಲಾದರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. "ಒಂದೂವರೆ ಕಿಲೋಮೀಟರು. ಗುಡ್ಡ ಹತ್ತಿ ಇಳೀಬೇಕು," ಎಂದೆ.

"ಎರಡು ಕಿಲೋಮೀಟರ್ ಒಳಗೆ ಶುದ್ಧ ನೀರು ಇದ್ರೆ ಅದು ನೀರಿರೋ ಊರು ಅಂತ್ಲೇ ಲೆಕ್ಕ. ಗುಡ್ಡಕ್ಕೆ ಫಾರ್ಮಲ್ಲಿ ಕಾಲಂ ಇಲ್ಲ." ನನ್ನ ಮುಖ ನೋಡಿ ಅವರಿಗೂ ಅಯ್ಯೋ ಅನಿಸಿರಬೇಕು. "ಬೇಜಾರು ಮಾಡ್ಕೋಬೇಡಿ. ನೀರಿರೋ ಊರಿಗೆ ಒಳಚರಂಡಿ ಮಂಜೂರಾಗುತ್ತೆ. ನಮ್ಮ ಪಟ್ಟಿಯಲ್ಲಿ ಒಂದು ಊರು ಕಮ್ಮಿ ಬಿದ್ದಿದೆ. ಈ ತಿಂಗಳು ದಾಟಿದ್ರೆ ಅನುದಾನ ವಾಪಸ್ ಹೋಗುತ್ತೆ. ಇಲ್ಲೊಂದು ರುಜು ಹಾಕಿ."

ಹಾಕಿದೆ. ಹನ್ನೊಂದು ವರ್ಷದಲ್ಲಿ ಸರ್ಕಾರ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ಆರು ತಿಂಗಳಲ್ಲಿ ಬೀದಿ ಬೀದಿ ಅಗೆದು ಪೈಪು ಹೂತರು. ಮನೆಗೊಂದು ಶೌಚಾಲಯ ಕಟ್ಟಿದರು, ಮೂಲೆಗೊಂದು ಕಬ್ಬಿಣದ ಮುಚ್ಚಳ ಕೂರಿಸಿದರು. ಕೊಳೆನೀರು ಸರಾಗವಾಗಿ ಹರಿದುಹೋಗಲು ಎಲ್ಲ ಏರ್ಪಾಡೂ ಆಯಿತು. ಕೊಳೆ ಮಾಡಲು ಬೇಕಾದ ನಲ್ಲಿನೀರೊಂದು ಇರಲಿಲ್ಲ ಅಷ್ಟೆ. ಚರಂಡಿ ಹರಿಯುತ್ತದೆಂದು ತೋರಿಸಲು ಊರಿನವರೆಲ್ಲ ಬಕೆಟ್ ಹಿಡಿದು ಸಾಲಾಗಿ ನಿಂತು ಬಾವಿಯ ನೀರು ಸುರಿದೆವು. ಕಂದು ನೀರು ಚೆನ್ನಾಗಿ ಹರಿಯಿತು. ಟೇಪು ಸಾಹೇಬರು ಅದನ್ನೂ ಅಳೆದರು.

ಆ ಹೊತ್ತಿಗೆ ಅಕ್ಕನಿಗೆ ಮೂರನೇ ಸಲ ಕಲ್ಲಾಗಿತ್ತು. ಇನ್ನೊಂದು ವರ್ಷ ಇದೇ ನೀರು ಕುಡಿದರೆ ಮೂತ್ರಪಿಂಡ ಕೈಕೊಡುತ್ತದೆ ಎಂದರು ಡಾಕ್ಟರು. ನನಗೆ ನಿಜಕ್ಕೂ ಭಯವಾಯಿತು. ಒರತೆಯ ಲೆಕ್ಕ ಏನೇ ಇರಲಿ, ನೀರಿನ ಕಡತ ಮತ್ತೆ ತೆರೆಯಲು ಮರುಪರೀಕ್ಷೆ ಬೇಕು, ಅದಕ್ಕೆ ಟೇಪು ಸಾಹೇಬರೇ ಶಿಫಾರಸು ಬರೆಯಬೇಕು. ಹಾಗಾಗಿ ಅಳತೆ ಮುಗಿದೊಡನೆ ಅವರನ್ನು ಮನೆಗೆ ಕರೆದೆ. ಈ ಸಲ ಬಾವಿಯ ನೀರನ್ನೇ ಕೊಡಬೇಕೆಂದು ಅಕ್ಕನಿಗೆ ಮೊದಲೇ ತಾಕೀತು ಮಾಡಿದ್ದೆ.

"ಮನೆಗೆ ಬಂದವರಿಗೆ ಆ ನೀರು ಕೊಡೋದಾ? ನಿಂಗೆ ತಲೆ ಕೆಟ್ಟಿದೆ," ಎಂದಿದ್ದಳು. ಕೈಮುಗಿದು ಬೇಡಿಕೊಂಡ ಮೇಲೆ ಒಪ್ಪಿದ್ದಳು.

ಅಕ್ಕ ತಲೆ ತಗ್ಗಿಸಿಕೊಂಡೇ ಲೋಟ ಕೊಟ್ಟಳು. ಮೊದಲ ಗುಟುಕಿಗೆ ಟೇಪು ಸಾಹೇಬರ ಹುಬ್ಬು ಗಂಟಾಯಿತು. ಎರಡನೆಯದಕ್ಕೆ ಕಣ್ಣು ಮುಚ್ಚಿಕೊಂಡರು. ನಾನು ಹಾಳೆ, ಪೆನ್ನು ಹಿಡಿದು ತುದಿಗಾಲಲ್ಲಿ ನಿಂತೆ. ಅವರು ಲೋಟವನ್ನು ತಳದವರೆಗೂ ಖಾಲಿ ಮಾಡಿ, ತುಟಿ ಒರೆಸಿಕೊಂಡು, "ನೀರು ಚೆನ್ನಾಗಿದೆ ಅಮ್ಮ," ಎಂದರು.

ಬೀದಿಗೆ ಬಂದ ಕೂಡಲೇ ಹಿಡಿದುಕೊಂಡೆ. "ಸಾರ್, ನಿಜ ಹೇಳಿ, ಅದು ಕುಡಿಯೋ ನೀರಾ?"

"ಏನ್ರೀ ಹೀಗೆ ಕೇಳ್ತೀರಿ? ಮನೆಗೆ ಕರೆದು ಕೊಟ್ಟ ನೀರಿಗೆ ಹೆಸರಿಡೋದಾ? ನಮ್ಮಮ್ಮ ನಮ್ಮನ್ನ ಹಾಗೆ ಬೆಳೆಸಿಲ್ಲ."

"ಮಾತಲ್ಲಿ ಬೇಡ, ಮರುಪರೀಕ್ಷೆ ಅಂತ ಬರೆದು ಕೊಡಿ, ಸಾಕು."

"ಚೆನ್ನಾಗಿದೆ ಅಂದು, ಹೊಸಲು ದಾಟಿ ಕೆಟ್ಟದ್ದು ಅಂತ ಬರೀಲಾ? ಆ ಅಮ್ಮ ಏನಂದ್ಕೋತಾರೆ?" ಎಂದರು. ಜೀಪು ಹತ್ತಿ, ನಾಳೆ ಚರಂಡಿ ಕೆಲಸ ಮುಗಿಯಿತೆಂಬ ಪೂರ್ಣತಾ ಪತ್ರ ತರುತ್ತೇನೆ ಎಂದು ಹೊರಟೇಬಿಟ್ಟರು.

ಮರುದಿನ ಬೆಳಿಗ್ಗೆ ನೋಡಿದರೆ ಅಕ್ಕ ಖಾಲಿ ಕೊಡ ಹಿಡಿದು ಗುಡ್ಡದ ದಾರಿಯಲ್ಲಿದ್ದಾಳೆ, ಒಂದು ಕೈ ಮಂಡಿಯ ಮೇಲೆ.

"ಎಲ್ಲಿಗೆ ಹೊರಟೆ?"

"ಆ ಮನುಷ್ಯ ಇವತ್ತು ಬರ್ತಾರಲ್ಲ. ನಂಗೆ ಬೇಜಾರಾಗ್ಬಾರ್ದು ಅಂತ ನಿನ್ನೆ ಆ ನೀರನ್ನ ಪೂರ್ತಿ ಕುಡಿದ್ರು ಕಣೋ. ಒಂದು ಲೋಟ ಒಳ್ಳೇ ನೀರು ಕೊಡ್ದೆ ನಂಗೆ ಸಮಾಧಾನ ಇಲ್ಲ."

ನನಗೆ ರೇಗಿಹೋಯಿತು. "ಬಂದುಹೋಗೋರಿಗೆಲ್ಲ ತರ್ತೀಯ. ನೀನು ಕುಡಿಯೋಕೆ ಒಂದು ದಿನ ತಂದಿದ್ದೀಯ?"

"ನಂಗೆ ಬೇರೆ ಕೊಡ ಬೇಕಾಗುತ್ತೆ. ಅದನ್ನ ಯಾರು ಹೊರ್ತಾರೆ?"

ಅವಳು ಚುಚ್ಚಿ ಹೇಳಿದ್ದಲ್ಲ, ಸುಮ್ಮನೆ ಕೇಳಿದ್ದಳು. ಅರ್ಜಿ ಫಾರ್ಮಿನಲ್ಲಿಯೂ ಆ ಪ್ರಶ್ನೆ ಇದೆ, ಏಳನೇ ಕಾಲಂ: ನೀರು ಹೊರುವವರು ಯಾರು? ಹನ್ನೊಂದು ವರ್ಷ ಅದರ ಮುಂದೆ 'ಹೆಂಗಸರು' ಎಂದು ದುಂಡಗಿನ ಅಕ್ಷರದಲ್ಲಿ ಬರೆದವನು ನಾನೇ. ನನ್ನ ಮಂಡಿ ಎರಡೂ ಗಟ್ಟಿಯಾಗಿವೆ. ನನಗೆ ನಾಚಿಕೆಯಾಯಿತು.

ಅವಳ ಕೈಯಿಂದ ಕೊಡ ಕಿತ್ತುಕೊಂಡು ನಾನೇ ಹೋದೆ. ಬರುವಾಗ ನಾಲ್ಕು ಕಡೆ ಇಳಿಸಿ ದಣಿವಾರಿಸಿಕೊಂಡೆ. ಮನೆಗೆ ಬಂದವನೇ ಒಂದು ಲೋಟ ತುಂಬಿಸಿ ಅಕ್ಕನ ಕೈಗೆ ಕೊಟ್ಟೆ.

"ಇದು ಬರೋರಿಗೆ ಕಣೋ," ಎಂದು ಅವಳು ಅದನ್ನು ಹನಿಯೂ ಚೆಲ್ಲದಂತೆ ಮತ್ತೆ ಕೊಡಕ್ಕೆ ಸುರಿದಳು.

ನಾನು ಮೂಲೆಯಲ್ಲಿದ್ದ ಇನ್ನೊಂದು ಕೊಡ ತೆಗೆದುಕೊಂಡು ಮತ್ತೆ ಗುಡ್ಡದ ಕಡೆ ಹೊರಟೆ.