ಮರದಜ್ಜನ ದನಿ

ಮಾವನಿಗೆ ಲಕ್ವ ಹೊಡೆದು ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡ ಮೇಲೆ ಆ ಬೀದಿಯ ಮರದಜ್ಜನಿಗೆ ದನಿಯಿಲ್ಲದಂತಾಯಿತು.

ಮರದಜ್ಜ ಎಂದರೆ ಮುಖವಾಡ. ಒಂದೇ ಮರದ ತುಂಡಿನಲ್ಲಿ ಕೊರೆದದ್ದು. ಉಬ್ಬಿದ ಹಣೆ, ಜೋತುಬಿದ್ದ ಕೆನ್ನೆ, ಕಣ್ಣಿರಬೇಕಾದಲ್ಲಿ ಕಿರುಬೆರಳು ತೂರುವಷ್ಟೇ ತೂತು. ಬೀದಿಯ ಜಗಳವೊಂದು ಯಾರ ಮಾತಿಗೂ ಬಗ್ಗದೆ ಹೋದಾಗ ಹಿರಿಯರು ಅದನ್ನು ಹೊರಗೆ ತರಿಸುತ್ತಿದ್ದರು. ಕಪ್ಪು ನಿಲುವಂಗಿ ತೊಟ್ಟು ಮುಖವಾಡ ಕಟ್ಟಿಕೊಂಡವನು ನಲ್ಲಿಕಟ್ಟೆಯ ಮೇಲೆ ನಿಂತು ತಪ್ಪು ಯಾರದೆಂದು ಹೇಳುತ್ತಿದ್ದ. ಹೆಸರು ಹೇಳಿಸಿಕೊಂಡವರನ್ನು, ಅವರು ತಪ್ಪು ಸರಿಮಾಡುವ ತನಕ, ಬೀದಿಯಲ್ಲಿ ಯಾರೂ ಮಾತಾಡಿಸುವಂತಿಲ್ಲ. ಒಳಗಿರುವುದು ಯಾರೆಂದು ಗೊತ್ತಿದ್ದವರೂ ಗೊತ್ತಿಲ್ಲದವರ ಹಾಗೆ ಇರಬೇಕು. ಮಾವ ಇಪ್ಪತ್ತು ಚಿಲ್ಲರೆ ವರ್ಷ ಅದನ್ನು ಹೊತ್ತಿದ್ದರು.

ಮಗ ಒಳ್ಳೆಯವನೇ, ಆದರೆ ನಾಲ್ಕು ಜನರ ಮುಂದೆ ನಿಂತರೆ ನಾಲಿಗೆ ತೊದಲುತ್ತಿತ್ತು. ಉಳಿದವಳು ಸೊಸೆ. ಬಾಗಿಲ ಪಕ್ಕದ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಬೀದಿಯವರಿಗೆಲ್ಲ ಬಟ್ಟೆ ಹೊಲಿಯುತ್ತಿದ್ದಳು. ಎತ್ತರದ ಆಳು, ದಪ್ಪ ದನಿ. ಶಾಲೆಯಲ್ಲಿ ಅವಳನ್ನು ಎಲ್ಲರೂ ಡೋಲು ಎಂದೇ ಕರೆಯುತ್ತಿದ್ದರು. ನಾಚಿಕೆಗೆ ಜನರ ಮುಂದೆ ಬಾಯಿ ಬಿಡುವುದನ್ನೇ ಬಿಟ್ಟಿದ್ದಳು.

ಮಾವನ ಅಣ್ಣ ದೊಡ್ಡಮಾವ, ಮನೆಯ ಯಜಮಾನ. ಮರದ ಡಿಪೋ ಅವನದು, ಅಲ್ಲಿನ ಲಾರಿ ಓಡಿಸುವವನು ಇವಳ ಗಂಡ. ಒಂದು ಬೆಳಿಗ್ಗೆ ದೊಡ್ಡಮಾವ ಮುಖವಾಡವನ್ನು ತಂದು ಅವಳ ಮಿಷನ್ನಿನ ಮೇಲಿಟ್ಟ. ಇದು ಹೆಂಗಸರ ಕೆಲಸವಲ್ಲ, ತನ್ನಿಂದಾಗದು ಎಂದು ಅವಳು ಮೆಲ್ಲಗೆ ಹೇಳಿ ನೋಡಿದಳು.

"ನಿನ್ನನ್ನ ಕೇಳ್ತಾ ಇಲ್ಲಮ್ಮ, ಹೇಳ್ತಾ ಇದೀನಿ. ಈ ಮಾತು ಮನೆ ಹೊಸಿಲು ದಾಟಬಾರದು, ಅಷ್ಟೇ" ಎಂದ ಅವನು.

ಮೊದಲ ಸಲ ಹೊರಟಿದ್ದು ಬಟ್ಟೆಗೆ ಬಣ್ಣ ಹಾಕುವವನಿಗೂ ಬೇಕರಿಯವನಿಗೂ ನಡುವಿನ ಚರಂಡಿ ಜಗಳಕ್ಕೆ. ಒಳಗೆ ಮೇಣದ ವಾಸನೆ, ಮಾವನ ಬೆವರಿನ ವಾಸನೆ, ಅದರ ಹಿಂದೆ ಇನ್ಯಾರದ್ದೋ ಹಳೆಯ ಉಸಿರು. ತನ್ನ ಕಾಲೇ ತನಗೆ ಕಾಣದು. ಬಿಟ್ಟ ಉಸಿರು ಮರಕ್ಕೆ ಬಡಿದು ಒದ್ದೆಯಾಗಿ ಮುಖಕ್ಕೇ ಮರಳುತ್ತಿತ್ತು. ದೊಡ್ಡಮಾವ ಹೇಳಿಕೊಟ್ಟಷ್ಟನ್ನು ಹೇಳಿದಳು: ಬಣ್ಣದ ನೀರು ಬಿಟ್ಟವನೇ ಚರಂಡಿ ತೋಡಿಸಲಿ. ಅಷ್ಟು ದಿನ ಅವಳನ್ನು ಮುಖವೆತ್ತಿ ನೋಡದ ಬಣ್ಣದವನು ತಲೆ ತಗ್ಗಿಸಿ ಹೂಂ ಎಂದ. ಮನೆಗೆ ಬಂದು ಮುಖವಾಡ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟಳು. ಖುಷಿಯಾಗಿತ್ತು, ಅದನ್ನು ಗಂಡನಿಗೂ ಹೇಳಲಿಲ್ಲ.

ಮಳೆ ಮುಗಿದ ಮೇಲೆ ದೊಡ್ಡಮಾವ ಎರಡನೆಯ ಮಾತು ತಂದ. ಡಿಪೋಗೆ ಅಂಟಿಕೊಂಡೇ ಒಬ್ಬ ವಿಧವೆಯ ಇಸ್ತ್ರಿ ಅಂಗಡಿಯಿತ್ತು. ಸೊಸೆ ಹೊಲಿದ ಬಟ್ಟೆಗಳಿಗೆಲ್ಲ ಇಸ್ತ್ರಿ ಹಾಕುತ್ತಿದ್ದವಳು ಅವಳೇ. ಇಬ್ಬರೂ ಮಧ್ಯಾಹ್ನ ಒಂದೇ ಬೆಂಚಿನ ಮೇಲೆ ಕೂತು ಊಟ ಮಾಡುವವರು. ಹೊತ್ತಲ್ಲದ ಹೊತ್ತಿನಲ್ಲಿ ಆ ಅಂಗಡಿಗೆ ಗಂಡಸರು ಬಂದು ಹೋಗುತ್ತಾರೆ ಎಂದು ಮರದಜ್ಜ ಹೇಳಬೇಕು. ಆಮೇಲೆ ಅಲ್ಲಿಗೆ ಯಾರೂ ಬಟ್ಟೆ ಕೊಡುವುದಿಲ್ಲ. ಅಂಗಡಿ ತಾನಾಗಿಯೇ ಖಾಲಿಯಾಗುತ್ತದೆ.

ಅವಳು ಮಾವನ ಹಾಸಿಗೆಯ ಬಳಿ ಹೋಗಿ ಕೂತಳು. ಅವರಿಗೆ ಗಂಜಿ ಕುಡಿಸುತ್ತ, ಇಂಥದ್ದನ್ನು ನೀವೂ ಹೇಳಿದ್ದುಂಟೇ ಎಂದು ಕೇಳಿದಳು. ಅವರು ಅರೆಬರೆ ಮಾತಿನಲ್ಲಿ, ಜೊಲ್ಲು ಒರೆಸಿಕೊಳ್ಳುತ್ತ, ಬೇರೇನೋ ಹೇಳತೊಡಗಿದರು. ಹಿಂದೊಂದು ಕಾಲಕ್ಕೆ ಬೀದಿಯ ಬಾವಿಗೆ ದೊಡ್ಡ ಕುಳವೊಬ್ಬ ಬೀಗ ಜಡಿದಿದ್ದನಂತೆ. ಎದುರಿಗೆ ನಿಂತು ಕೇಳುವ ಧೈರ್ಯ ಯಾರಿಗೂ ಇಲ್ಲದಾಗ ಬಡಗಿಯೊಬ್ಬ ಈ ಮುಖ ಕೆತ್ತಿದ. ಒಂದು ಸಲ ಗಾಣದವನು ಹಾಕಿಕೊಂಡರೆ ಇನ್ನೊಂದು ಸಲ ಕ್ಷೌರದವನು. ಯಾರ ಮನೆಯಲ್ಲಿದೆ, ಯಾರು ಆಡಿದ್ದು ಎಂದು ಆಗ ನಿಜಕ್ಕೂ ಯಾರಿಗೂ ತಿಳಿಯುತ್ತಿರಲಿಲ್ಲ. ಕಳೆದುಹೋದೀತು ಎಂಬ ನೆಪದಲ್ಲಿ ಅದು ಈ ಮನೆಯ ಪೆಟ್ಟಿಗೆ ಸೇರಿದ್ದು ಮಾವನ ಅಪ್ಪನ ಕಾಲದಲ್ಲಿ.

"ಆಮೇಲೆ?" ಎಂದಳು.

"ಆಮೇಲೆ ನಾವು ಹೇಳಿದ್ದೇ ಅದು ಹೇಳ್ತು" ಎಂದು ಮಾವ ಗೋಡೆಯ ಕಡೆ ಹೊರಳಿದರು.

ಆ ಸಂಜೆ ನಲ್ಲಿಕಟ್ಟೆಯ ಸುತ್ತ ಜನ ಕಿಕ್ಕಿರಿದಿದ್ದರು. ತೂತಿನಲ್ಲಿ ಸೊಸೆಗೆ ಕಂಡದ್ದು ಮೊದಲು ದೊಡ್ಡಮಾವನ ಚಪ್ಪಲಿ, ಆಮೇಲೆ ಇಸ್ತ್ರಿಯವಳ ಮುಖ. ಅವಳು ಇಸ್ತ್ರಿಪೆಟ್ಟಿಗೆ ಹಿಡಿಯುವ ಕೈಯನ್ನು ಸೊಂಟಕ್ಕೆ ಒರೆಸಿಕೊಳ್ಳುತ್ತ, ಇವತ್ತು ಯಾರ ಸರದಿಯೋ ಎಂದು ಪಕ್ಕದವಳನ್ನು ಕೇಳುತ್ತಿದ್ದಳು. ಸೊಸೆ ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಓಡಿಹೋಗೋಣವೆಂದರೆ ಸುತ್ತ ಜನ. ಮುಖವಾಡ ಬಿಚ್ಚಿದರೆ ಮನೆಯ ಮಾನ ಮೂರು ಕಾಸು. ಸುಮ್ಮನೆ ನಿಂತರೂ ಜನ ಬಿಡುವುದಿಲ್ಲ. ದೊಡ್ಡಮಾವ ಕೆಮ್ಮಿದ. ಮತ್ತೆ ಕೆಮ್ಮಿದ.

"ಇಸ್ತ್ರಿ ಅಂಗಡಿ ಮೇಲೆ ಕಣ್ಣು ಹಾಕಿರೋನು ಡಿಪೋ ಯಜಮಾನ" ಎಂಬ ದನಿ ಕೇಳಿಸಿತು. "ಅದಕ್ಕೆ ಅವಳ ಹೆಸರು ಕೆಡಿಸೋಕೆ ಹೊರಟಿದಾನೆ. ತಪ್ಪು ಅವನದು."

ಅದು ತನ್ನದೇ ದನಿ ಎಂದು ಅವಳಿಗೆ ತಿಳಿದದ್ದು ಜನ ದೊಡ್ಡಮಾವನಿಂದ ಒಂದೊಂದೇ ಹೆಜ್ಜೆ ಹಿಂದೆ ಸರಿದಾಗ. ಅವನ ಮುಖ ಕಪ್ಪಿಟ್ಟಿತು. ಒಳಗಿರುವವಳು ನಮ್ಮ ಸೊಸೆ ಎಂದು ಅವನು ಹೇಳುವಂತಿರಲಿಲ್ಲ. ಹೇಳಿದರೆ ಬಣ್ಣದವನು ಚರಂಡಿಯ ಮಾತೆತ್ತುತ್ತಾನೆ, ಇಷ್ಟು ವರ್ಷದ ಮಾತೆಲ್ಲ ಒಂದೊಂದಾಗಿ ಎದ್ದು ನಿಲ್ಲುತ್ತದೆ.

ಮರುದಿನದಿಂದ ಡಿಪೋಗೆ ಗಿರಾಕಿ ಬರಲಿಲ್ಲ, ಲಾರಿ ನಿಂತಲ್ಲೇ ನಿಂತಿತು. ಮನೆಯಲ್ಲಿ ದೊಡ್ಡಮಾವ ಉಣ್ಣುವಾಗ ಅವಳು ಬಡಿಸಬೇಕು, ಅವನು ತಟ್ಟೆಯಿಂದ ತಲೆ ಎತ್ತುವುದಿಲ್ಲ. ಗಂಡ ಮಾತ್ರ ಬಾಗಿಲು ಹಾಕಿಕೊಂಡು, ಬಹಳ ಹೊತ್ತು ತಡವರಿಸಿ, ನೀ... ನೀನು ಮಾಡಿದ್ದು ಸರಿ ಎಂದ. ಬೇರೆ ಊರಿಗೆ ಹೋಗೋಣ ಎಂದು ಅವಳು ಕೇಳಿದಳು. ಅಪ್ಪನನ್ನು ಯಾರು ನೋಡಿಕೊಳ್ಳುತ್ತಾರೆ ಎಂದ ಅವನು.

ಹಳೆಯ ಹಾಗೆ ಮುಖವಾಡ ಮನೆಯಿಂದ ಮನೆಗೆ ಹೋಗಲಿ ಎಂದು ಅವಳು ಅದನ್ನು ಬಟ್ಟೆಯಲ್ಲಿ ಸುತ್ತಿ ಕದ್ದುಮುಚ್ಚಿ ಬೇಕರಿಯವನ ಹಿತ್ತಲಿನಲ್ಲಿಟ್ಟು ಬಂದಳು. ಬೆಳಗಾಗುವಷ್ಟರಲ್ಲಿ ಅದು ಅವಳ ಹೊಸಿಲ ಮೇಲಿತ್ತು. ಬಣ್ಣದವನ ಮನೆಯಿಂದಲೂ ಹಾಗೇ ಮರಳಿತು.

ಕೊನೆಗೆ ದೊಡ್ಡಮಾವನೇ ಸೋತ. ಅಂಗಡಿಯ ತಂಟೆಗೆ ಹೋಗುವುದಿಲ್ಲ ಎಂದು ಮರದಜ್ಜನ ಮುಂದೆ ಹೇಳಲು ಒಪ್ಪಿದ. ಅವಳು ಮತ್ತೆ ಆ ಒದ್ದೆ ಉಸಿರಿನೊಳಗೆ ನಿಂತಳು. ಅವನು ಎಲ್ಲರಿಗೂ ಕೇಳುವಂತೆ ಮಾತು ಕೊಟ್ಟ. ಆಮೇಲೆ ಕಾಲು ಮುಟ್ಟುವವನಂತೆ ಬಗ್ಗಿ, ಅವಳಿಗೆ ಮಾತ್ರ ಕೇಳುವ ಹಾಗೆ ಹೇಳಿದ: "ಇನ್ನು ಸಾಯೋವರೆಗೂ ನೀನೇ ಹಾಕ್ಕೊಳಮ್ಮ. ನಾನು ಬೇರೆ ಯಾರನ್ನೂ ಹುಡುಕಲ್ಲ."

ಆ ಮಾತಿನ ಅರ್ಥ ಆ ವಾರದಲ್ಲೇ ಆಯಿತು. ಯಾರೂ ಏನೂ ಕೇಳಲಿಲ್ಲ, ಡಿಪೋ ಯಜಮಾನನನ್ನೇ ಹೆಸರಿಸಿದ ದನಿ ಯಾರದೆಂದು ಎಲ್ಲರಿಗೂ ಗೊತ್ತಾಗಿಬಿಟ್ಟಿತ್ತು. ಬೇಕರಿಯವನ ಹೆಂಡತಿ ಅಳತೆ ಕೊಡಲು ಬಂದು, ಅವಳ ಮುಖ ನೋಡದೆ, ಗೋಡೆಗೆ ಹೇಳುವವಳಂತೆ ತನ್ನ ನಾದಿನಿಯ ಮೇಲೆ ದೂರು ಹೇಳಿದಳು. ಅವಳು ಹೋದ ಬೆನ್ನಿಗೇ ನಾದಿನಿ ಬಂದಳು. ಇಸ್ತ್ರಿಯವಳು ಮಧ್ಯಾಹ್ನದ ಊಟಕ್ಕೆ ಬೆಂಚಿಗೆ ಬರುವುದನ್ನು ಬಿಟ್ಟಳು. ಯಾಕೆಂದು ಕೇಳಿದಾಗ, ಕೈಕಟ್ಟಿ ನಿಂತು, "ನಿಮ್ಮ ಸಮ ಕೂರೋದು ಹೇಗೆ?" ಎಂದಳು. ಇಷ್ಟು ದಿನ ಅವಳು ಏಕವಚನದಲ್ಲಿ ಮಾತಾಡುತ್ತಿದ್ದಳು.

ಸೊಸೆ ಮನೆಗೆ ಮರಳಿದಳು. ಬಾಗಿಲಲ್ಲಿ ಬಣ್ಣದವನ ತಾಯಿ ಆಗಲೇ ಚಪ್ಪಲಿ ಬಿಟ್ಟು ಕಾಯುತ್ತಿದ್ದಳು. ಅವಳ ಕೈಯಲ್ಲಿ ಹೊಲಿಸುವ ಬಟ್ಟೆ ಇರಲಿಲ್ಲ.